ಕಾರಿನ ಲೊಡಲೊಡಕ್ಕೆ ಫ್ಲೀಸ್ ಟೇಪ್: ಎಲ್ಲಿ ಅಂಟಿಸಬೇಕು, ಎಲ್ಲಿ ಅಂಟಿಸಬಾರದು

19 ಮಿಲಿಮೀಟರ್ ಅಗಲ, 15 ಮೀಟರ್ ಉದ್ದ, ಕಪ್ಪು ಬಣ್ಣ. ಮೇಲ್ಮೈ ಸವರಿದರೆ ತೆಳು ಕಂಬಳಿ ಮುಟ್ಟಿದ ಹಾಗಿರುತ್ತದೆ. ಕಾರು ತಯಾರಿಸುವವರು ಡ್ಯಾಶ್‌ಬೋರ್ಡಿನ ಒಳಗಿನ ವೈರಿನ ಕಟ್ಟುಗಳಿಗೆ ಸುತ್ತುವ ಟೇಪ್ ಇದು. ವೈರುಗಳು ಪ್ಲಾಸ್ಟಿಕ್ಕಿಗೋ ತಗಡಿಗೋ ಬಡಿದು ಸದ್ದು ಮಾಡದಿರಲಿ ಎಂದೇ ಇದನ್ನು ಬಳಸುವುದು. ಅಂಗಡಿಯಲ್ಲಿ 'ಫ್ಲೀಸ್ ಟೇಪ್' ಅಥವಾ 'ವೈರ್ ಹಾರ್ನೆಸ್ ಟೇಪ್' ಎಂದು ಕೇಳಬೇಕು. ಬರೀ 'ಬಟ್ಟೆ ಟೇಪ್' ಎಂದರೆ ನೇಯ್ಗೆಯ ನುಣುಪು ಟೇಪ್ ಕೈಗೆ ಬರುತ್ತದೆ. ಅದು ವೈರು ಉಜ್ಜಿ ಸವೆಯದಂತೆ ಕಾಯುತ್ತದೆ, ಸದ್ದನ್ನು ಅಷ್ಟಾಗಿ ಹೀರುವುದಿಲ್ಲ.

ತೀರ್ಪು ಮೊದಲೇ ಹೇಳಿಬಿಡೋಣ: ಕೊಟ್ಟ ದುಡ್ಡಿಗೆ ಮೋಸವಿಲ್ಲದ ಸಾಮಾನು, 5ಕ್ಕೆ 4. ಕಳೆದುಕೊಂಡ ಒಂದು ಅಂಕದಲ್ಲಿ ಟೇಪಿನ ತಪ್ಪಿಗಿಂತ ಅದನ್ನು ಮಾರುವ ರೀತಿಯ ತಪ್ಪೇ ಹೆಚ್ಚು. 'ಕಾರಿನ ಎಲ್ಲ ಸದ್ದಿಗೂ ಪರಿಹಾರ' ಎಂದು ಬರೆದು ಮಾರುತ್ತಾರೆ, ಅದು ಸುಳ್ಳು. ಒಳಗಿನಿಂದ ಬಂದಂತೆ ಕೇಳುವ ಸದ್ದುಗಳಲ್ಲಿ ಎಷ್ಟೋ ಹುಟ್ಟುವುದು ಚಕ್ರದ ಹಿಂದೆ, ಸೈಲೆನ್ಸರಿನ ಮೇಲೆ, ಡಿಕ್ಕಿಯ ಜಾಕಿನಲ್ಲಿ. ಜಾಗ ಗೊತ್ತಿಲ್ಲದೆ ಕೊಂಡರೆ 15 ಮೀಟರೂ ಸುತ್ತಿ ಮುಗಿಯುತ್ತದೆ, ಲೊಡಲೊಡ ಮಾತ್ರ ಇದ್ದಲ್ಲೇ ಇರುತ್ತದೆ.

ಟೇಪಿನ ಗುಣ

ಈ ಬಗೆಯಲ್ಲಿ ಹೆಚ್ಚು ಹೆಸರು ಕೇಳಿಬರುವುದು ಜರ್ಮನಿಯ ಟೇಸಾ ಕಂಪನಿಯ 51608. ಪಾಲಿಯೆಸ್ಟರ್ ನಾರನ್ನು ನೇಯದೆ ಹಾಳೆಯಾಗಿ ಕೂಡಿಸಿ, ಹಿಂಬದಿಗೆ ರಬ್ಬರ್ ಮೂಲದ ಅಂಟು ಬಳಿದಿರುತ್ತಾರೆ. ದಪ್ಪ ಸುಮಾರು 0.3 ಮಿಲಿಮೀಟರ್. ಕತ್ತರಿ ಬೇಕಿಲ್ಲ, ಬೆರಳಲ್ಲೇ ಹರಿಯುತ್ತದೆ. ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ, ಒಂದು ಕೈಯಲ್ಲಿ ಟಾರ್ಚ್ ಹಿಡಿದು ಕೆಲಸ ಮಾಡುವವರಿಗೆ ಇದರ ಬೆಲೆ ಗೊತ್ತು. 105 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳುತ್ತದೆ. ಏಪ್ರಿಲ್ ಬಿಸಿಲಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲ್ಮೈ 70 ಡಿಗ್ರಿ ದಾಟುವುದುಂಟು. ಹಾಗಾಗಿ ರಾಯಚೂರು, ಕಲಬುರಗಿ ಕಡೆಯ ಬೇಸಿಗೆಗೂ ಅಂಟು ಜಾರುವ ಭಯವಿಲ್ಲ.

ಎಲೆಕ್ಟ್ರಿಷಿಯನ್ ಬಳಸುವ ಪಿವಿಸಿ ಟೇಪ್ ಇದರ ಜಾಗಕ್ಕೆ ಬರುವುದಿಲ್ಲ. ಅದರ ಮೈ ಗಟ್ಟಿ, ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಬಡಿಯುವುದು ತಪ್ಪುವುದಿಲ್ಲ. ಬಿಸಿಗೆ ಅಂಟು ಒಸರಿ, ತುದಿ ಎದ್ದು, ಧೂಳು ಮೆತ್ತಿ ಜಿಡ್ಡಾಗುತ್ತದೆ. ಹೊರಗಿನವರು ಹಾಕಿದ ಮ್ಯೂಸಿಕ್ ಸಿಸ್ಟಮ್ಮಿನ ಹಿಂದೆ ಇಣುಕಿದರೆ ಸಾಮಾನ್ಯವಾಗಿ ಕಾಣುವ ದೃಶ್ಯವೇ ಇದು.

ಸದ್ದು ಹೀರುವ ಶಕ್ತಿಯನ್ನು ಅಳೆಯಲು ಜರ್ಮನಿಯ ಕಾರು ತಯಾರಕರು ಒಪ್ಪಿಕೊಂಡ ಎಲ್‌ವಿ 312 ಎಂಬ ಕ್ರಮವಿದೆ. ಅದರಲ್ಲಿ ಎ ಇಂದ ಇ ವರೆಗೆ ಐದು ದರ್ಜೆ. ಎ ಎಂದರೆ ಏನೂ ಇಲ್ಲದಂತೆಯೇ. ಬಿ 2ರಿಂದ 5 ಡೆಸಿಬೆಲ್, ಸಿ 5ರಿಂದ 10, ಡಿ 10ರಿಂದ 15, ಇ ಅದಕ್ಕೂ ಮೇಲೆ. ತೆಳು ಫ್ಲೀಸ್ ಕೆಳಗಿನ ದರ್ಜೆಗಳಲ್ಲೇ ಇರುತ್ತದೆ, ಮಖಮಲ್ಲಿನಂಥ ದಪ್ಪ ಟೇಪುಗಳು ಮೇಲಿನವು. ಹಾಗೆಂದು ದಪ್ಪವನ್ನೇ ಆರಿಸಬೇಕಿಲ್ಲ. ಕಾರಿನ ಪ್ಯಾನೆಲ್ಲುಗಳ ನಡುವೆ ದಪ್ಪ ಟೇಪ್ ತುರುಕಿದರೆ ಕ್ಲಿಪ್ಪು ಪೂರ್ತಿ ಕೂರುವುದಿಲ್ಲ, ಆಗ ಹೊಸ ಸದ್ದೊಂದು ಹುಟ್ಟುತ್ತದೆ. 0.3 ಮಿ.ಮೀ. ಸಾಲದಿದ್ದರೆ ಎರಡು ಸುತ್ತು, ಅದೂ ಸಾಲದಿದ್ದರೆ ಅದು ಫೋಮಿನ ಕೆಲಸ.

ಮೊದಲು ಜಾಗ ಹುಡುಕಿ

ಇದಕ್ಕೆ ಕಾಸು ಬೇಡ, ತಾಳ್ಮೆ ಬೇಕು. ಮೊದಲ ಕೆಲಸ ಕಾರು ಖಾಲಿ ಮಾಡುವುದು. ಬಾಗಿಲ ಜೇಬು, ಗ್ಲೋವ್ ಬಾಕ್ಸ್, ಸೀಟಿನ ಕೆಳಗೆ ಉರುಳಿದ ನೀರಿನ ಬಾಟಲಿ, ಚಿಲ್ಲರೆ ಹಾಕಿಡುವ ಗೂಡು, ಕನ್ನಡಕದ ಡಬ್ಬಿ, ಕನ್ನಡಿಗೆ ತೂಗುಬಿಟ್ಟ ಮಣಿಸರ, ಡ್ಯಾಶ್‌ಬೋರ್ಡಿನ ಮೇಲಿನ ಗಣಪ, ಬೀಗದ ಕೈಗೊಂಚಲು, ಎಲ್ಲವೂ ಹೊರಗೆ ಬರಲಿ. ಹಿಂದಿನ ಸೀಟಿನಲ್ಲಿ ಯಾರೂ ಇಲ್ಲದಾಗ ಸೀಟ್‌ಬೆಲ್ಟಿನ ನಾಲಿಗೆ ಪಕ್ಕದ ಪ್ಲಾಸ್ಟಿಕ್ಕಿಗೆ ಟಕಟಕ ಬಡಿಯುತ್ತದೆ, ಅದನ್ನು ಬಕಲಿಗೆ ಸಿಕ್ಕಿಸಿ. ಹೆಡ್‌ರೆಸ್ಟ್ ಅಲ್ಲಾಡಿಸಿ ನೋಡಿ. ನಂಬರ್ ಪ್ಲೇಟಿಗೆ ಬೆರಳಿನಿಂದ ಬಡಿದು ನೋಡಿ.

ಆಮೇಲೆ ಡಿಕ್ಕಿಯ ಕಾರ್ಪೆಟ್ ಎತ್ತಿ. ಪಂಕ್ಚರ್ ಹಾಕಿಸಿದ ಮೇಲೆ ಶುರುವಾದ ಸದ್ದಿಗೆ ಹೆಚ್ಚಿನ ಪಾಲು ಕಾರಣ ಇಲ್ಲೇ ಇರುತ್ತದೆ. ಸ್ಟೆಪ್ನಿ ಹಿಡಿದಿಡುವ ಬೋಲ್ಟು ಅರ್ಧ ತಿರುಗಿಸಿ ಬಿಟ್ಟಿರುತ್ತಾರೆ, ಜಾಕು ತನ್ನ ಗೂಡಿನಲ್ಲಿ ಸಡಿಲ ಕೂತಿರುತ್ತದೆ. ಕತ್ತರಿ ಜಾಕು ಗೂಡಿನಲ್ಲಿ ನಿಲ್ಲುವುದೇ ತಾನು ಹಿಗ್ಗಿ ಒತ್ತಿಕೊಂಡು. ಅದರ ತಿರುಪನ್ನು ಕೈಯಲ್ಲೇ ಒಂದೆರಡು ಸುತ್ತು, ಗಟ್ಟಿಯಾಗುವವರೆಗೆ ತಿರುಗಿಸಿದರೆ ಮುಗಿಯಿತು. ಪಾನಾ, ಹಿಡಿಕೆ ಕೊಕ್ಕೆ ಇರುವ ಚೀಲವನ್ನು ಬಿಗಿಯಾಗಿ ಸುತ್ತಿ ಕಟ್ಟಿ.

ಟೈರಿನ ಗಾಳಿಯನ್ನೂ ನೋಡಿ. ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಚೀಟಿ ಅಂಟಿಸಿರುತ್ತಾರೆ. ಅಲ್ಲಿ 33 ಪಿಎಸ್‌ಐ ಎಂದಿದ್ದು ಬಂಕಿನಲ್ಲಿ 40 ತುಂಬಿದ್ದರೆ ರಸ್ತೆಯ ಪ್ರತಿ ಕಲ್ಲೂ ಪ್ಯಾನೆಲ್ಲುಗಳ ಮೇಲೆ ತಮಟೆ ಬಾರಿಸುತ್ತದೆ.

ಇನ್ನು ಓಡಿಸಿ ನೋಡುವುದು. ಇಬ್ಬರು ಬೇಕು. ಓಡಿಸುವವರು ರಸ್ತೆ ನೋಡಲಿ, ಸದ್ದು ಹುಡುಕುವ ಕೆಲಸ ಪಕ್ಕದವರದ್ದು. ಎಸಿ ಬ್ಲೋವರ್, ಹಾಡು ಎರಡೂ ಆಫ್, ಗಾಜು ಪೂರ್ತಿ ಮೇಲೆ. ಒರಟು ರಸ್ತೆಯಲ್ಲಿ ಗಂಟೆಗೆ 20ರಿಂದ 30 ಕಿ.ಮೀ. ವೇಗ ಸಾಕು. ಸದ್ದು ಬಂದ ಕಡೆ ಅಂಗೈಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಬೇಕು: ಡ್ಯಾಶ್‌ಬೋರ್ಡಿನ ಮೂಲೆ, ಎಸಿ ಕಿಂಡಿ, ಗ್ಲೋವ್ ಬಾಕ್ಸ್ ಮುಚ್ಚಳ, ಬಾಗಿಲ ಪ್ಯಾನೆಲ್ಲು, ಕಂಬದ ಪ್ಲಾಸ್ಟಿಕ್ಕು. ಒತ್ತಿದಾಗ ನಿಂತು, ಬಿಟ್ಟಾಗ ಬಂದರೆ ಜಾಗ ಸಿಕ್ಕಿತು, ಅದು ಟೇಪಿನ ವ್ಯಾಪ್ತಿಯ ಸದ್ದು. ಎಲ್ಲಿ ಒತ್ತಿದರೂ ಬದಲಾಗದಿದ್ದರೆ ಗಾಜು ಇಳಿಸಿ, ಕಾಂಪೌಂಡ್ ಗೋಡೆಯ ಪಕ್ಕದಲ್ಲಿ ಮೆಲ್ಲಗೆ ಹೋಗಿ. ಗೋಡೆಗೆ ತಾಗಿ ಮರಳಿ ಬರುವ ಸದ್ದು ಜೋರಾಗಿದ್ದರೆ ಅದು ಹೊರಗಿನದು.

ಇನ್ನೆರಡು ಪರೀಕ್ಷೆ ಸುಲಭ. ಸದ್ದು ಬರುತ್ತಿರುವಾಗಲೇ ಬ್ರೇಕ್ ಪೆಡಲನ್ನು ಹಗುರವಾಗಿ, ವೇಗ ಅಷ್ಟಾಗಿ ಇಳಿಯದಂತೆ ಒತ್ತಿ. ತಟ್ಟನೆ ನಿಂತರೆ ಬ್ರೇಕ್ ಪ್ಯಾಡು ತನ್ನ ಗೂಡಿನಲ್ಲಿ ಆಡುತ್ತಿದೆ: ಪ್ಯಾಡಿನ ಸ್ಪ್ರಿಂಗ್ ಕ್ಲಿಪ್ ಬಿಟ್ಟುಹೋಗಿರಬಹುದು, ಪ್ಯಾಡನ್ನು ಒತ್ತುವ ಕ್ಯಾಲಿಪರಿನ ಪಿನ್ ಸವೆದಿರಬಹುದು. ಎರಡನೆಯದು, ನಿಂತಲ್ಲೇ ನ್ಯೂಟ್ರಲ್‌ನಲ್ಲಿಟ್ಟು ಆಕ್ಸಿಲರೇಟರ್ ನಿಧಾನ ಒತ್ತುತ್ತ ಬನ್ನಿ. ಯಾವುದೋ ಒಂದು ಆರ್‌ಪಿಎಂನಲ್ಲಿ ಮಾತ್ರ ಜಿರ್ ಎಂದು ಬಂದು, ದಾಟಿದರೆ ಮಾಯವಾದರೆ ರಸ್ತೆಗೂ ಅದಕ್ಕೂ ಸಂಬಂಧವಿಲ್ಲ. ಸೈಲೆನ್ಸರಿನ ಬಿಸಿ ತಡೆಯುವ ತಗಡು (ಹೀಟ್ ಶೀಲ್ಡು), ಎಂಜಿನ್ ಮೌಂಟಿಂಗು, ಬಾನೆಟ್ಟಿನ ಕಡ್ಡಿ, ಇವುಗಳ ಕಡೆ ನೋಡಬೇಕು.

ಬಾಗಿಲಿನೊಳಗೆ ಜುಯ್‌ಗುಡುವ ಸದ್ದು ಹಿಡಿಯಲು ಒಂದು ಚಂದದ ಉಪಾಯವಿದೆ. ಫೋನಿನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿ, ಕಾರಿನ ಸ್ಪೀಕರಿನಲ್ಲಿ 40 ಹರ್ಟ್ಸ್‌ನಿಂದ 200ರವರೆಗೆ ನಿಧಾನವಾಗಿ ಏರಿಸುತ್ತ ಹೋಗಿ. ಯಾವುದೋ ಒಂದು ಅಂಕೆಯಲ್ಲಿ ಪ್ಯಾನೆಲ್ಲು ತಾನಾಗಿ ಕೂಗಿಕೊಳ್ಳುತ್ತದೆ. ಅಲ್ಲೇ ನಿಲ್ಲಿಸಿ ಬೆರಳಿಟ್ಟು ಹುಡುಕಿ. ಕಾರು ನಿಂತಿರುತ್ತದೆ, ಆತುರವಿಲ್ಲ. ಡಿಕ್ಕಿಯ ಸದ್ದಿಗೆ ಫೋನನ್ನೇ ರೆಕಾರ್ಡಿಂಗ್ ಹಾಕಿ ಒಳಗಿಟ್ಟು ಓಡಿಸಿದರೆ ಸಾಕು. ಒಮ್ಮೆ ಎಡ ಮೂಲೆ, ಒಮ್ಮೆ ಬಲ ಮೂಲೆ. ಹುಡುಕಲು ಮಕ್ಕಳನ್ನು ಡಿಕ್ಕಿಯೊಳಗೆ ಕೂರಿಸುವ ಹುಚ್ಚು ಬೇಡ.

ಸದ್ದಿನ ಜಾತಿಯೂ ಜಾಗ ಹೇಳುತ್ತದೆ. ಲೊಡಲೊಡ, ಟಕಟಕ ಎಂದರೆ ಎರಡು ಗಟ್ಟಿ ವಸ್ತುಗಳ ನಡುವೆ ಸಂದು ಇದೆ, ಒಂದಕ್ಕೊಂದು ಬಡಿಯುತ್ತಿವೆ. ಕಿರ್ ಕಿರ್ ಎಂದರೆ ಸಂದಿಲ್ಲ. ಒತ್ತಿಕೊಂಡಿರುವ ಎರಡು ಮೈಗಳು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಜಾರುತ್ತಿವೆ. ಜುಯ್ ಎಂದರೆ ಅಗಲವಾದ ತೆಳು ತಗಡೋ ಪ್ಲಾಸ್ಟಿಕ್ಕೋ ಪೂರ್ತಿ ನಡುಗುತ್ತಿದೆ. ಮೊದಲ ಎರಡಕ್ಕೆ ಫ್ಲೀಸ್ ಟೇಪ್ ಮದ್ದು, ಮೂರನೆಯದಕ್ಕೆ ಅಲ್ಲ.

ಟೇಪ್ ಗೆಲ್ಲುವ ಜಾಗಗಳು

ಗ್ಲೋವ್ ಬಾಕ್ಸಿನ ಹಿಂದಿನಿಂದಲೇ ಶುರು ಮಾಡುವುದು ಒಳ್ಳೆಯದು, ಏಕೆಂದರೆ ಬಿಚ್ಚಲು ಸುಲಭ. ಎಸಿ ಫಿಲ್ಟರ್ ಬದಲಿಸುವಾಗ ಮಾಡುವ ಹಾಗೆಯೇ: ಹೆಚ್ಚಿನ ಕಾರುಗಳಲ್ಲಿ ಪೆಟ್ಟಿಗೆಯ ಎರಡೂ ಪಕ್ಕ ಒಳಕ್ಕೆ ಒತ್ತಿದರೆ ತಡೆಗೂಟಗಳು ಬಿಟ್ಟುಕೊಂಡು ಅದು ಕೆಳಕ್ಕೆ ಬಾಗುತ್ತದೆ; ಪಕ್ಕದಲ್ಲಿ ಡ್ಯಾಂಪರಿನ ದಾರವೋ ಕಡ್ಡಿಯೋ ಇದ್ದರೆ ಮೊದಲು ಅದನ್ನು ಬಿಡಿಸಿಕೊಳ್ಳಬೇಕು. ಒಳಗೆ ಟಾರ್ಚ್ ಬಿಟ್ಟರೆ ಎಲ್ಲಿಗೂ ಸೇರದೆ ತೂಗಾಡುವ ಒಂದೆರಡು ಕನೆಕ್ಟರುಗಳು ಕಾಣಬಹುದು. ಕೆಳಗಿನ ವೇರಿಯಂಟಿಗೂ ಮೇಲಿನ ವೇರಿಯಂಟಿಗೂ ಎಷ್ಟೋ ಸಲ ಒಂದೇ ವೈರಿಂಗ್ ಹಾಕುವುದರಿಂದ, ಇಲ್ಲದ ಸೌಲಭ್ಯದ ಕನೆಕ್ಟರು ಹಾಗೇ ಉಳಿದಿರುತ್ತದೆ. ಒರಟು ರಸ್ತೆಯಲ್ಲಿ ಅದು ಹಿಂದಿನ ಕಬ್ಬಿಣದ ಅಡ್ಡಪಟ್ಟಿಗೆ ಬಡಿಯುತ್ತದೆ. ಅಂಥದ್ದಕ್ಕೆ ಎರಡು ಸುತ್ತು ಫ್ಲೀಸ್ ಸುತ್ತಿ, ಪಕ್ಕದ ದಪ್ಪ ವೈರಿನ ಕಟ್ಟಿಗೆ ಕೇಬಲ್ ಟೈಯಿಂದ ಕಟ್ಟಿ. ಪೆಡಲು, ಸ್ಟೀರಿಂಗ್ ದಂಡ, ಬ್ಲೋವರ್ ಮೋಟಾರ್, ಎಸಿ ಬಾಗಿಲುಗಳ ಕಡ್ಡಿ ಇವುಗಳ ಹತ್ತಿರ ಏನನ್ನೂ ಕಟ್ಟಬಾರದು. ಟೈಯ ಬಾಲವನ್ನು ಬುಡದಲ್ಲೇ ಕತ್ತರಿಸಿ. ಎರಡು ಇಂಚು ಬಾಲ ಬಿಟ್ಟರೆ ಅದೇ ಪ್ಲಾಸ್ಟಿಕ್ಕನ್ನು ಕೆರೆದು ಹೊಸ ಕಿರಿಕಿರಿ ಶುರು. ರಿವರ್ಸ್ ಕ್ಯಾಮೆರಾ, ಡ್ಯಾಶ್‌ಕ್ಯಾಮ್, ಹೊರಗೆ ಹಾಕಿಸಿದ ಸ್ಟೀರಿಯೊ, ಇವುಗಳ ಉಳಿದ ವೈರನ್ನು ಸುರುಳಿ ಮಾಡಿ ತುರುಕಿರುತ್ತಾರೆ. ಆ ಸುರುಳಿಗೂ ಇದೇ ಚಿಕಿತ್ಸೆ.

ಗ್ಲೋವ್ ಬಾಕ್ಸ್ ವಾಪಸ್ ಹಾಕುವ ಮುನ್ನ ಅದರ ತಡೆಗೂಟ, ಕೀಲು, ಮುಚ್ಚಳದ ಕೊಕ್ಕೆ ಕೂರುವ ಕಡೆ ಒಂದೊಂದು ತುಂಡು ಅಂಟಿಸಿ. ಎದುರುಬದುರಿನ ಎರಡು ಮೈಗಳಲ್ಲಿ ಒಂದಕ್ಕೆ ಮಾತ್ರ ಅಂಟಿಸಬೇಕು. ಎರಡಕ್ಕೂ ಹಾಕಿದರೆ ದಪ್ಪವಾಗಿ ಮುಚ್ಚಳ ಕೂರುವುದಿಲ್ಲ. ಹೊರಗೆ ಕಾಣುವ ಅಂಚಿಗಿಂತ ಒಂದೆರಡು ಮಿ.ಮೀ. ಒಳಗೇ ಅಂಟಿಸಿದರೆ ಕೆಲಸ ಮಾಡಿದ್ದು ಯಾರಿಗೂ ಗೊತ್ತಾಗುವುದಿಲ್ಲ.

ಅಂಟು ನಿಲ್ಲುವುದು, ಬಿಡುವುದು ಎಲ್ಲ ಒರೆಸುವುದರಲ್ಲಿದೆ. ಡ್ಯಾಶ್‌ಬೋರ್ಡಿಗೆ ಹೊಳಪು ಬರಲೆಂದು ಬಳಿಯುವ ಪಾಲಿಷ್‌ಗಳಲ್ಲಿ ಬಹುಪಾಲು ಸಿಲಿಕೋನ್ ಇರುತ್ತದೆ, ಅದರ ಮೇಲೆ ಯಾವ ಟೇಪೂ ನಿಲ್ಲದು. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗಲು ಬಿಟ್ಟು, ಆಮೇಲೆ ಅಂಟಿಸಿ ಬೆರಳಿನಿಂದ ಒತ್ತಿ. ಅಂಟು ಪೂರ್ತಿ ಹಿಡಿಯಲು ಒಂದು ದಿನ ಬೇಕು. ಟೇಪನ್ನು ಎಳೆದು ಬಿಗಿದು ಅಂಟಿಸಬಾರದು. ಎಳೆದದ್ದು ಬಿಸಿಗೆ ಹಿಂದೆ ಸರಿದು ತುದಿ ಏಳುತ್ತದೆ.

ಎರಡನೆಯ ಜಾಗ ಬಾಗಿಲ ಚೌಕಟ್ಟಿನಲ್ಲಿರುವ ಕೊಂಡಿ, ಬಾಗಿಲ ಲಾಕು ಬಂದು ಕಚ್ಚಿಕೊಳ್ಳುವ ಯು ಆಕಾರದ ಕಂಬಿ. ಬಾಗಿಲೇ ಟಕ್ ಟಕ್ ಎನ್ನುತ್ತಿದ್ದರೆ, ಕೊಂಡಿಯ ಜಿಡ್ಡು ಒರೆಸಿ, ಕಂಬಿಗೆ ಒಂದೇ ಒಂದು ಸುತ್ತು ಫ್ಲೀಸ್ ಸುತ್ತಿ ಬಾಗಿಲು ಹಾಕಿ ಓಡಿಸಿ. ಸದ್ದು ನಿಂತರೆ ಕಾರಣ ಸಿಕ್ಕಿತು. ಆದರೆ ಇದು ಪರೀಕ್ಷೆ ಅಷ್ಟೇ, ರಿಪೇರಿ ಅಲ್ಲ: ಲಾಕಿನ ಪಂಜ ದಿನಾ ಉಜ್ಜಿ ಟೇಪು ಬೇಗ ಹರಿಯುತ್ತದೆ, ನೂಲು ಲಾಕಿನೊಳಗೆ ಸೇರುತ್ತದೆ. ನಿಜವಾದ ಕೆಲಸ ಕೊಂಡಿಯನ್ನು ಒಳಕ್ಕೆ ಸರಿಸುವುದು. ಮೊದಲು ಕೊಂಡಿಯ ಸುತ್ತ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಎರಡೂ ಸ್ಕ್ರೂಗಳನ್ನು, ಹಲವು ಕಾರುಗಳಲ್ಲಿ ಅವು ನಕ್ಷತ್ರದಾಕಾರದ ಗುಳಿಯ ಟಿ40 ಟಾರ್ಕ್ಸ್, ಅರ್ಧ ಸುತ್ತು ಮಾತ್ರ ಸಡಿಲಿಸಿ. ಪೂರ್ತಿ ಬಿಚ್ಚಬೇಡಿ, ಕೆಲವು ಕಾರುಗಳಲ್ಲಿ ಹಿಂದಿನ ನಟ್ ಪಟ್ಟಿ ಕಂಬದೊಳಗೆ ಬಿದ್ದುಹೋಗುತ್ತದೆ, ಅದನ್ನು ಹೊರತೆಗೆಯುವುದು ದೊಡ್ಡ ರಾಮಾಯಣ. ಮರದ ತುಂಡಿಟ್ಟು ಮೆಲ್ಲಗೆ ತಟ್ಟಿ ಅರ್ಧ ಮಿ.ಮೀ. ಒಳಕ್ಕೆ ಸರಿಸಿ, ಬಿಗಿ ಮಾಡಿ. ಬಾಗಿಲ ಮೈ ಹಿಂದಿನ ತಗಡಿನೊಂದಿಗೆ ಸಮವಾಗಿದೆಯೇ, ಲಾಕು ಎರಡೂ ಹಂತ ಕಚ್ಚುತ್ತದೆಯೇ ನೋಡಿ. ಬೀಡಿಂಗ್ ರಬ್ಬರಿಗೂ ಚೌಕಟ್ಟಿಗೂ ನಡುವೆ ನೋಟು ಇಟ್ಟು ಬಾಗಿಲು ಹಾಕಿ ಎಳೆದರೆ ಸ್ವಲ್ಪ ತಡೆದು ಬರಬೇಕು. ಸರಾಗ ಬಂದರೆ ಇನ್ನಷ್ಟು ಸರಿಸಬಹುದು. ಬಾಗಿಲು ಹಾಕಲು ಜೋರಾಗಿ ಬಡಿಯಬೇಕಾಗಿ ಬಂದರೆ ಹೆಚ್ಚಾಯಿತು.

ಹಿಂದಿನ ಸೀಟಿನ ಬೆನ್ನು ಮಡಚುವ ಕಾರುಗಳಲ್ಲೂ ಇಂಥದ್ದೇ ಕೊಂಡಿ ಇದೆ. ಅಲ್ಲಿ ಲಾಕು ದಿನಾ ತೆರೆದು ಮುಚ್ಚುವುದಿಲ್ಲವಾದ್ದರಿಂದ ಫ್ಲೀಸ್ ಬಹಳ ಕಾಲ ಬಾಳುತ್ತದೆ. ಹ್ಯಾಚ್‌ಬ್ಯಾಕುಗಳ ಪಾರ್ಸಲ್ ಟ್ರೇ ಕೂರುವ ಗೂಟಗಳಿಗೂ ಒಂದು ಸುತ್ತು. ಡಿಕ್ಕಿ ಬಾಗಿಲೇ ಲೊಡಲೊಡ ಎನ್ನುತ್ತಿದ್ದರೆ ಟೇಪಿನ ಗೊಡವೆಯೇ ಬೇಡ: ಅದರ ಎರಡು ಮೂಲೆಗಳಲ್ಲಿರುವ ರಬ್ಬರ್ ಗುಂಡಿಗಳು ಹಲವು ಕಾರುಗಳಲ್ಲಿ ತಿರುಪಿನವು. ಅರ್ಧರ್ಧ ಸುತ್ತು ಹೊರಕ್ಕೆ ತಿರುಗಿಸಿ ನೋಡಿ.

ಬಾಗಿಲ ಪ್ಯಾನೆಲ್ಲು ಬಿಚ್ಚುವವರು ಆ ಮಾದರಿಯ ಕ್ಲಿಪ್ಪುಗಳನ್ನು ಹತ್ತಾದರೂ ಮೊದಲೇ ತಂದಿಟ್ಟುಕೊಳ್ಳಿ. ಹಳೆಯ ಕ್ಲಿಪ್ಪು ಒಂದೆರಡು ಮುರಿದೇ ಮುರಿಯುತ್ತವೆ. ಮುರಿದ ಕ್ಲಿಪ್ಪಿನ ಜಾಗಕ್ಕೆ ಟೇಪು ತುರುಕಿ 'ಅಡ್ಜಸ್ಟ್' ಮಾಡಿದ ಬಾಗಿಲು ಮತ್ತೆ ಲೊಡಲೊಡ ಎನ್ನುವುದರಲ್ಲಿ ಆಶ್ಚರ್ಯವೇನಿಲ್ಲ.

ಅಂಟಿಸಲೇಬಾರದ ಕಡೆ

ಏರ್‌ಬ್ಯಾಗ್ ಇರುವ ಯಾವ ಮುಚ್ಚಳದ ಮೇಲೂ, ಸಂದಿನಲ್ಲೂ ಟೇಪು, ಫೋಮು ಸಲ್ಲದು. ಸ್ಟೀರಿಂಗ್ ನಡುಭಾಗ, ಎಡಬದಿಯ ಡ್ಯಾಶ್‌ಬೋರ್ಡ್ ಮೇಲ್ಭಾಗ ಎಲ್ಲರಿಗೂ ಗೊತ್ತಿರುವುದು. ಮರೆತುಹೋಗುವುದು ಮುಂಗಾಜಿನ ಪಕ್ಕದ ಕಂಬಗಳು. ಪಕ್ಕದ ಗಾಜಿನ ಮೇಲೆ ಪರದೆಯಂತೆ ಇಳಿಯುವ ಕರ್ಟನ್ ಏರ್‌ಬ್ಯಾಗ್ ಇರುವ ಕಾರಿನಲ್ಲಿ ಆ ಕಂಬದ ಪ್ಲಾಸ್ಟಿಕ್ಕಿನ ಮೇಲೆ ಏರ್‌ಬ್ಯಾಗ್ ಎಂದು ಬರೆದಿರುತ್ತದೆ. ಅದರ ಕ್ಲಿಪ್ಪು ಚೀಲ ಬಿಚ್ಚಿಕೊಂಡಾಗ ಪ್ಲಾಸ್ಟಿಕ್ಕು ಮುಖಕ್ಕೆ ಹಾರದಂತೆ ಹಿಡಿದಿಡುವ ವಿಶೇಷ ಬಗೆಯದು, ಎಷ್ಟೋ ಕಾರುಗಳಲ್ಲಿ ಒಮ್ಮೆ ತೆಗೆದರೆ ಹೊಸದೇ ಹಾಕಬೇಕು. ಆ ಕಂಬದ ಸದ್ದನ್ನು ಕಂಪನಿ ವರ್ಕ್‌ಶಾಪಿಗೆ ಬಿಡುವುದೇ ಲೇಸು. ಏರ್‌ಬ್ಯಾಗ್ ವೈರಿನ ಹಳದಿ ಕನೆಕ್ಟರ್ ಕಂಡರೆ ಕೈ ಹಿಂದೆ. ಸೀಟ್‌ಬೆಲ್ಟ್ ಸುರುಳಿಯೊಳಗೂ ಏನೂ ಬೇಡ.

ಬಾಗಿಲಿನ ಒಳತಳಕ್ಕೂ ಕಾರಿನ ಅಡಿಗೂ ಫ್ಲೀಸ್ ಹೋಗಬಾರದು. ಅದು ನೀರು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಮಲೆನಾಡಿನ, ಕರಾವಳಿಯ ಮಳೆಗಾಲದಲ್ಲಿ ಅದೇ ತುಕ್ಕಿಗೆ ತೊಟ್ಟಿಲು. ಎಂಜಿನ್ ಪಕ್ಕದಲ್ಲಿ ವೈರಿಗೆ ಸುತ್ತಬೇಕಿದ್ದರೆ ಹೆಚ್ಚು ಶಾಖ ತಾಳುವ ನೇಯ್ಗೆ ಟೇಪ್ ಬೇರೆ ಇದೆ.

ಟೇಪಿಗೆ ಬಗ್ಗದ ಸದ್ದುಗಳು

ಹಂಪು ದಾಟುವಾಗ ಸುಮ್ಮನಿದ್ದು, ಕಿತ್ತುಹೋದ ಟಾರಿನ ಮೇಲೆ ನಿಧಾನವಾಗಿ ಹೋಗುವಾಗ ಮುಂದಿನಿಂದ ಗಟಗಟ ಎಂದು ಬಂದರೆ ಮೊದಲ ಅನುಮಾನ ಲಿಂಕ್ ರಾಡ್ ಮೇಲೆ, ಎಡ ಬಲ ಚಕ್ರಗಳ ನಡುವಿನ ಸ್ಟೆಬಿಲೈಜರ್ ಕಂಬಿಯನ್ನು ಶಾಕ್ ಅಬ್ಸಾರ್ಬರಿಗೆ ಕೂಡಿಸುವ ಗೇಣುದ್ದದ ಕಡ್ಡಿ. ಎರಡು ತುದಿಗಳಲ್ಲೂ ಪುಟ್ಟ ಬಾಲ್ ಜಾಯಿಂಟ್. ರಬ್ಬರ್ ಟೋಪಿ ಹರಿದು ಕೆಸರುನೀರು ಒಳಸೇರಿದರೆ ಗುಂಡು ಸವೆದು ಆಡತೊಡಗುತ್ತದೆ. ಎರಡು ಚಕ್ರಗಳೂ ಒಟ್ಟಿಗೆ ಏರಿಳಿಯುವ ಹಂಪಿನಲ್ಲಿ ಕಂಬಿ ತಿರುಚುವುದಿಲ್ಲ, ಹಾಗಾಗಿ ಸದ್ದು ಕಡಿಮೆ. ಒಂದೊಂದೇ ಚಕ್ರ ಗುಂಡಿಗೆ ಬಿದ್ದಾಗ ಗಟಗಟ.

ಇಲ್ಲಿ ಗ್ಯಾರೇಜುಗಳಲ್ಲಿ ಪದೇಪದೇ ಆಗುವ ತಪ್ಪು ಒಂದಿದೆ. ಒಂದೇ ಚಕ್ರವನ್ನು ಜಾಕ್ ಹಾಕಿ ಎತ್ತಿ, ಲಿಂಕ್ ರಾಡ್ ಅಲ್ಲಾಡಿಸಿ 'ಚೆನ್ನಾಗಿದೆ ಸಾರ್' ಎನ್ನುತ್ತಾರೆ. ಒಂದು ಬದಿ ಎತ್ತಿದಾಗ ಕಂಬಿ ತಿರುಚಿಕೊಂಡು ಲಿಂಕನ್ನು ಬಿಗಿದಿರುತ್ತದೆ, ಸವೆದ ಗುಂಡೂ ಅಲುಗದು. ಕಾರು ಪಿಟ್ ಮೇಲೆ ತನ್ನ ನಾಲ್ಕೂ ಚಕ್ರಗಳ ಮೇಲೆ ನಿಂತಿರಬೇಕು, ಇಲ್ಲವೇ ಲಿಫ್ಟಿನಲ್ಲಿ ಮುಂದಿನ ಎರಡೂ ಚಕ್ರ ಸಮನಾಗಿ ತೂಗುತ್ತಿರಬೇಕು. ಆಗ ಲಿಂಕನ್ನು ಮುಷ್ಟಿಯಲ್ಲಿ ಹಿಡಿದು ಜಗ್ಗಿದರೆ ಟಕ್ ಎಂಬುದು ಕೈಗೇ ತಿಳಿಯುತ್ತದೆ. ಬದಲಿಸುವಾಗ ಎರಡೂ ಬದಿ ಒಟ್ಟಿಗೆ. ನಟ್ ಬಿಚ್ಚುವಾಗ ಒಳಗಿನ ಕಡ್ಡಿಯೂ ತಿರುಗುತ್ತದೆ, ಅದರ ತುದಿಯ ಅಲೆನ್ ರಂಧ್ರಕ್ಕೆ ಕೀ ಹಾಕಿ ಹಿಡಿಯಬೇಕು. ಲಿಂಕ್ ಹೊಸದಾದರೂ ಸದ್ದಿದ್ದರೆ ಸ್ಟೆಬಿಲೈಜರಿನ ರಬ್ಬರ್ ಬುಷ್, ಆಮೇಲೆ ಚಕ್ರವನ್ನು ಕೆಳಗಿನಿಂದ ಹಿಡಿಯುವ ಲೋಯರ್ ಆರ್ಮಿನ ಬುಷ್ ನೋಡಿಸಿ. ಲೋಯರ್ ಆರ್ಮಿನ ಬೋಲ್ಟನ್ನು ಕೊನೆಯ ಬಿಗಿ ಮಾಡುವುದು ಕಾರಿನ ಭಾರ ಚಕ್ರದ ಮೇಲೆ ಕೂತ ಮೇಲೆ. ಚಕ್ರ ತೂಗಾಡುವಾಗಲೇ ಬಿಗಿದರೆ, ಕಾರು ಇಳಿಸಿದಾಗ ಬುಷ್ಷಿನ ರಬ್ಬರು ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಬಾನೆಟ್ ಕೆಳಗೆ ಟಣ್ ಎಂದು ಸ್ಪ್ರಿಂಗ್ ಜಿಗಿದಂತಾದರೆ ಅದು ಶಾಕ್ ಮೌಂಟಿಂಗ್ ಅಥವಾ ಅದರ ಬೇರಿಂಗ್.

ಹೀಟ್ ಶೀಲ್ಡ್ ಸದ್ದು ಡಬ್ಬಿಯಲ್ಲಿ ಮೊಳೆ ಅಲ್ಲಾಡಿಸಿದ ಹಾಗೆ. ಸೈಲೆನ್ಸರಿನ ಬಿಸಿ ಕಾರಿನ ತಳಕ್ಕೆ ತಟ್ಟದಿರಲೆಂದು ಹಾಕಿದ ತೆಳು ತಗಡದು. ಬೋಲ್ಟಿನ ಸುತ್ತ ತುಕ್ಕು ತಿಂದು ರಂಧ್ರ ಅಗಲವಾಗುತ್ತದೆ, ಬೋಲ್ಟಿನ ತಲೆ ರಂಧ್ರದಿಂದ ನುಣುಚಿಕೊಳ್ಳುತ್ತದೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಕೈಗವಸು ಹಾಕಿ ತಟ್ಟಿದರೆ ಗೊತ್ತಾಗುತ್ತದೆ. 25–30 ಮಿ.ಮೀ. ಅಗಲದ ದೊಡ್ಡ ಸ್ಟೀಲ್ ವಾಷರ್ ಕೊಟ್ಟು ಅದೇ ಬೋಲ್ಟು ಬಿಗಿದರೆ ಸರಿಹೋಗುತ್ತದೆ; ಪೈಪಿನ ಸುತ್ತಲೇ ಇರುವ ಶೀಲ್ಡಾದರೆ ಸ್ಟೇನ್‌ಲೆಸ್ ಹೋಸ್ ಕ್ಲಿಪ್ ಹಾಕಿ ಕಟ್ಟಬಹುದು. ಇಲ್ಲಿ ಟೇಪು, ಫೋಮು, ಎಂಸೀಲ್ ಹಚ್ಚುವುದು ಬೆಂಕಿಯೊಂದಿಗೆ ಸರಸ. ಸದ್ದು ಹೋಗಲೆಂದು ಶೀಲ್ಡನ್ನೇ ಕಿತ್ತೆಸೆಯುವ ಸಲಹೆಯೂ ಸಿಗುತ್ತದೆ, ಕಿವಿಗೆ ಹಾಕಿಕೊಳ್ಳಬೇಡಿ.

ಟೇಪಿನ ಜೊತೆಗೆ ಇರಬೇಕಾದವು

ಗಾಜು ಅರ್ಧ ಇಳಿಸಿದಾಗ ಮಾತ್ರ ಗಡಗಡ ಎಂದರೆ ಗಾಜು ಜಾರುವ ರಬ್ಬರ್ ಕಾಲುವೆ ಒಣಗಿದೆ ಅಥವಾ ಸವೆದಿದೆ, ಇಲ್ಲವೇ ಒಳಗೆ ಗಾಜು ಏರಿಳಿಸುವ ರೆಗ್ಯುಲೇಟರಿನ ಬೋಲ್ಟು ಸಡಿಲ. ಒಣಗಿದ್ದಕ್ಕೆ ಮದ್ದು ಸಿಲಿಕೋನ್ ಗ್ರೀಸ್. ಬಟ್ಟೆಯ ತುದಿಗೆ ಕಡಲೆಕಾಳಿನಷ್ಟು ತೆಗೆದುಕೊಂಡು ಒಂದು ಕಾಲುವೆಗೆ ಹಚ್ಚಿದರೆ ಸಾಕು. ಬಾಗಿಲ ಬೀಡಿಂಗ್ ಕಿರ್‌ಗುಟ್ಟುವುದಕ್ಕೂ ಇದೇ. ಇದರ ಬದಲು ಮನೆಯಲ್ಲಿರುವ ಮಾಮೂಲಿ ಡಬ್ಲ್ಯುಡಿ-40 ಹೊಡೆಯುವುದು ಎಲ್ಲೆಡೆ ನಡೆಯುವ ತಪ್ಪು. ಅದರಲ್ಲಿರುವುದು ಪೆಟ್ರೋಲಿಯಂ ಮೂಲದ ಎಣ್ಣೆ. ಬೀಡಿಂಗ್ ಮಾಡುವ ಇಪಿಡಿಎಂ ರಬ್ಬರಿಗೆ ಅಂಥ ಎಣ್ಣೆ ಆಗಿಬರುವುದಿಲ್ಲ, ಉಬ್ಬುತ್ತದೆ. ಸಿಲಿಕೋನ್ ಸ್ಪ್ರೇ ಬಳಸುವವರು ನೇರ ಹೊಡೆಯದೆ ಬಟ್ಟೆಗೆ ಹೊಡೆದು ಒರೆಸಿ. ಮುಂಗಾಜಿಗೆ ಹಾರಿದರೆ ವೈಪರು ಮಂಜುಮಂಜು ಗೆರೆ ಎಳೆಯುತ್ತದೆ, ಪೆಡಲಿಗೆ ತಾಗಿದರೆ ಕಾಲು ಜಾರುತ್ತದೆ.

ಒಂದು ಮಿ.ಮೀ. ದಾಟಿದ ಸಂದಿಗೆ 3 ಅಥವಾ 5 ಮಿ.ಮೀ. ದಪ್ಪದ ಇಪಿಡಿಎಂ ಫೋಮ್ ಪಟ್ಟಿ. ಹಾಸಿಗೆಯ ಹಳದಿ ಸ್ಪಂಜು ತುರುಕಬಾರದು, ಬಿಸಿಗೂ ತೇವಕ್ಕೂ ಕೆಲವೇ ವರ್ಷಗಳಲ್ಲಿ ಪುಡಿಯಾಗಿ ಎಸಿ ಕಿಂಡಿಯಿಂದ ಉದುರುತ್ತದೆ. ಜುಯ್‌ಗುಡುವ ಬಾಗಿಲ ತಗಡಿಗೆ 2 ಮಿ.ಮೀ. ದಪ್ಪದ ಬ್ಯುಟೈಲ್ ರಬ್ಬರಿನ ಅಂಟು ಹಾಳೆ. ತಗಡಿನ ಕಾಲು ಭಾಗ ಮುಚ್ಚಿದರೂ ನಡುಕ ಗಣನೀಯವಾಗಿ ಇಳಿಯುತ್ತದೆ, ಬಾಗಿಲ ಪೂರ್ತಿ ಹೊದಿಸುವುದು ಅಂಗಡಿಯವರ ಲಾಭಕ್ಕೆ. ರೋಲರಿನಿಂದ ಒತ್ತಿ ಅಂಟಿಸಬೇಕು, ಬಾಗಿಲಡಿಯ ನೀರು ಹರಿಯುವ ರಂಧ್ರಗಳನ್ನು ಮುಚ್ಚಬಾರದು. ಅಗ್ಗಕ್ಕೆ ಸಿಗುತ್ತದೆಂದು ತಾರಸಿ ಸೋರಿಕೆಗೆ ಹಾಕುವ ಡಾಂಬರು ಹಾಳೆ ತರಬೇಡಿ. ಬಿಸಿಲಿಗೆ ವಾಸನೆ, ಆಮೇಲೆ ಜಾರುವಿಕೆ.

ಫ್ಲೀಸ್ ಟೇಪ್ ಒಂದು ಸುರುಳಿಗೆ ಕೆಲವು ನೂರು ರೂಪಾಯಿ. ಬೆಂಗಳೂರಿನಲ್ಲಿ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಕೇಳಬಹುದು, ಉಳಿದ ಊರಿನವರಿಗೆ ಆನ್‌ಲೈನ್. ಕೊಳ್ಳುವಾಗ ಒಂದು ಗೇಣು ಬಿಚ್ಚಿ ನೋಡಲು ಬಿಟ್ಟರೆ ಬೆರಳಿನಿಂದ ಉಜ್ಜಿ: ನೂಲು ಎದ್ದು ಉದುರಿದರೆ, ಬಿಚ್ಚುವಾಗ ಅಂಟು ಕೆಳಗಿನ ಪದರದ ಬೆನ್ನಿಗೇ ಉಳಿದರೆ ಬೇಡ. ಒಂದು ಕಾರಿಗೆ ಒಂದು ಸುರುಳಿ ಸಾಕಾಗಿ ಮಿಗುತ್ತದೆ. ಇದೇ ಟೇಪ್ ಬಳಸಿ 'ಪೂರ್ತಿ ಡ್ಯಾಶ್‌ಬೋರ್ಡ್ ಇಳಿಸಿ ಸದ್ದು ತೆಗೆದುಕೊಡುತ್ತೇವೆ' ಎಂಬ ಪ್ಯಾಕೇಜುಗಳಿವೆ. ಜಾಗ ಯಾವುದೆಂದು ಓಡಿಸಿ ತೋರಿಸದೆ ಪೂರ್ತಿ ಇಳಿಸಬೇಕು ಎಂದವರಿಗೆ ಬೇಡ ಎನ್ನಿ. ಕಾರ್ಖಾನೆಯಲ್ಲಿ ಒಮ್ಮೆ ಕೂರಿಸಿದ ಡ್ಯಾಶ್‌ಬೋರ್ಡ್ ಬಿಚ್ಚಿ ಮತ್ತೆ ಹಾಕಿದಾಗ ಮುರಿದ ಕ್ಲಿಪ್ಪು, ಮರೆತ ಸ್ಕ್ರೂ ಸೇರಿ ಒಂದಿದ್ದ ಸದ್ದು ಮೂರಾಗುವ ಸಂಭವವೇ ಹೆಚ್ಚು.

ವಾರಂಟಿ ಇರುವ ಕಾರಿಗೆ ಟೇಪ್ ಕೊಳ್ಳುವ ಮುನ್ನ ಸರ್ವಿಸ್ ಅಡ್ವೈಸರ್‌ರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಿ ಸದ್ದು ಕೇಳಿಸಿ. ಜಾಬ್ ಕಾರ್ಡಿನಲ್ಲಿ 'ಸದ್ದು ಬರುತ್ತದೆ' ಎಂದಷ್ಟೇ ಬರೆಸಬೇಡಿ. 'ಒರಟು ರಸ್ತೆ, 25 ಕಿ.ಮೀ. ವೇಗ, ಎಡಬದಿ ಡ್ಯಾಶ್‌ಬೋರ್ಡ್ ಮೂಲೆ, ಗ್ಲೋವ್ ಬಾಕ್ಸ್ ಒತ್ತಿದರೆ ನಿಲ್ಲುತ್ತದೆ' ಎಂದು ಬರೆಸಿ, ಪ್ರತಿ ಇಸಿದುಕೊಳ್ಳಿ.